ಸಾಲೊ ವಾಕ್ಸ್ನರನ ಹದಿನೈದು ವರ್ಷ

ಸಾಲೊ ವಾಕ್ಸ್ನರ್ ತುರಾಯಿ ಕಟ್ಟುತ್ತಿದ್ದ. ನಮ್ಮ ಸಿಲೇಸಿಯಾದಲ್ಲಿ ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಹಬ್ಬದ ಬೆಳಿಗ್ಗೆ ಕರಿ ಕೋಟು ತೊಟ್ಟು, ತುರಾಯಿ ಟೊಪ್ಪಿಗೆ ಇಟ್ಟುಕೊಂಡು, ಬ್ಯಾಂಡಿನ ಹಿಂದೆ ಚರ್ಚಿಗೆ ಹೋಗದವನನ್ನು ಗಣಿಯವನು ಅಂತ ಯಾರೂ ಒಪ್ಪುವುದಿಲ್ಲ. ಕಲ್ಲಿದ್ದಲು ಕಡಿಯುವವನಿಗೆ ಕಪ್ಪು ತುರಾಯಿ, ಬ್ಯಾಂಡಿನವನಿಗೆ ಕೆಂಪು, ಮೇಲಿನ ಸಾಹೇಬರಿಗೆ ಬಿಳಿ. ಎಲ್ಲಾ ಹುಂಜದ ಬಾಲದ ಗರಿ. ಡಿಸೆಂಬರಿನ ಹಸಿ ಹಿಮಕ್ಕೆ ಬೇರೆಯವರು ಕಟ್ಟಿದ ತುರಾಯಿ ನೆನೆದ ಕಾಗೆಯ ಹಾಗೆ ಜೋತುಬೀಳುತ್ತಿತ್ತು. ಸಾಲೊ ಕಟ್ಟಿದ್ದು ಚರ್ಚಿಗೆ ಹೋಗಿ, ಅಲ್ಲಿಂದ ಹೆಂಡದಂಗಡಿಗೆ ಹೋಗಿ, ಮನೆಗೆ ಬಂದ ಮೇಲೂ ನೆಟ್ಟಗೆ ನಿಂತಿರುತ್ತಿತ್ತು. ಕೆಲವು ಸಲ ಟೊಪ್ಪಿಗೆಯ ಕೆಳಗಿನವನೇ ನೆಟ್ಟಗೆ ನಿಂತಿರುತ್ತಿರಲಿಲ್ಲ.

ಅವನು ಯೆಹೂದಿ. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಗಣಿ ಕೆಲಸದವನು, ಓದಿದ್ದು ಊರ ಶಾಲೆಯಲ್ಲಿ, ಅದೂ ಪೂರ್ತಿ ಅಲ್ಲ. ನಮ್ಮಿಬ್ಬರನ್ನು ಸೇರಿಸಿದ್ದು ನನ್ನ ಅತ್ತೆಯ ಅಡುಗೆಮನೆ. ಚಳಿಗಾಲದಲ್ಲಿ ನಮ್ಮ ಕಾಲೊನಿಯ ಹೆಂಗಸರು ಒಂದೊಂದು ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಮದುವಣಗಿತ್ತಿಯ ಹಾಸಿಗೆಗೆ ಹೆಬ್ಬಾತಿನ ಗರಿ ಬಿಡಿಸುತ್ತಾರೆ. ಆಗ ಯಾರೂ ಜೋರಾಗಿ ನಗಬಾರದು, ಸೀನಬಾರದು, ಬಾಗಿಲು ತೆರೆಯಬಾರದು. ಸಾಲೊ ಹುಂಜದ ಗರಿ ಕೊಳ್ಳುವ ನೆಪದಲ್ಲಿ ಒಲೆಯ ಹತ್ತಿರ ಕೂತು, ಗಂಭೀರವಾಗಿ, ಸತ್ತವರ ಸುದ್ದಿ ಹೇಳುವವನ ಮುಖ ಮಾಡಿಕೊಂಡು, ಏನೋ ಒಂದು ಹೇಳಿಬಿಡುತ್ತಿದ್ದ. ಹೆಂಗಸರು ತಡೆದುಕೊಳ್ಳುತ್ತಿದ್ದರು, ತಡೆದುಕೊಳ್ಳುತ್ತಿದ್ದರು, ಆಮೇಲೆ ಒಬ್ಬಳು ಬುಸ್ ಅಂದರೆ ಸಾಕು, ಸಂಜೆಯ ಕೆಲಸವೆಲ್ಲ ಗಾಳಿಯಲ್ಲಿ ತೇಲುತ್ತಿತ್ತು. ಅತ್ತೆ ಸೌಟು ಹಿಡಿದು ಅವನನ್ನು ಓಡಿಸುತ್ತಿದ್ದಳು. ಮುಂದಿನ ವಾರ ಅವಳೇ ಹೇಳಿ ಕಳಿಸುತ್ತಿದ್ದಳು. ನನ್ನ ಹೆಂಡತಿ ಟ್ರೂಡಾ ಅವನನ್ನು ಸಾಲೊ ಅಣ್ಣ ಅಂತಲೇ ಕರೆಯುತ್ತ ಬೆಳೆದವಳು. ಹಂದಿ ಮಾಂಸ ಮುಟ್ಟದ ಒಂದು ಬಾಣಲೆಯನ್ನು ಅವಳು ಅವನಿಗಾಗಿಯೇ ಬೇರೆ ಇಟ್ಟಿದ್ದಳು.

ಮೊದಲ ದೊಡ್ಡ ಯುದ್ಧ ಮುಗಿದ ಮೇಲೆ, ಇಪ್ಪತ್ತೊಂದರಲ್ಲಿ, ನಮ್ಮ ನೆಲ ಜರ್ಮನಿಗೋ ಪೋಲೆಂಡಿಗೋ ಅಂತ ಕೇಳಲು ಮತ ಹಾಕಿಸಿದರು. ನಾನು ಪೋಲೆಂಡಿಗೆ ಹಾಕಿದೆ. ಮತದಿಂದ ಆಗದ್ದನ್ನು ಬಂದೂಕಿನಿಂದ ಮಾಡೋಣ ಅಂತ ಮೇ ತಿಂಗಳಲ್ಲಿ ದಂಗೆಗೂ ಹೋದೆ. ಸಾಲೊ ಜರ್ಮನಿಗೆ ಹಾಕಿದ, ಹಾಕಿದ್ದನ್ನು ಮುಚ್ಚಿಡಲೂ ಇಲ್ಲ. ಜರ್ಮನರಲ್ಲಿ ಎಲ್ಲದಕ್ಕೂ ಒಂದು ಕ್ರಮ ಇರುತ್ತದೆ, ತುರಾಯಿ ಎಷ್ಟು ಎತ್ತರ ಇರಬೇಕು ಅನ್ನುವುದಕ್ಕೂ ಇರುತ್ತದೆ ಅಂತ ಅವನ ವಾದ. ನಾನು ಅವನ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಒಂದು ವರ್ಷ ಮಾತು ಬಿಟ್ಟೆವು.

ಆಮೇಲೆ ದೊಡ್ಡ ದೇಶಗಳು ತಮ್ಮತಮ್ಮಲ್ಲಿ ಒಪ್ಪದೆ ಆ ಕೆಲಸವನ್ನು ಜಿನೀವಾದಲ್ಲಿದ್ದ ದೇಶಗಳ ಸಂಘಕ್ಕೆ ತಳ್ಳಿದವು. ಅಲ್ಲಿ ಒಬ್ಬ ಬೆಲ್ಜಿಯಂನವನು, ಒಬ್ಬ ಸ್ಪೇನಿನವನು, ಒಬ್ಬ ಬ್ರೆಜಿಲಿನವನು, ಒಬ್ಬ ಚೀನಾದವನು ಕೂತು ನಮ್ಮ ನೆಲಕ್ಕೆ ಗೆರೆ ಎಳೆದರು. ನಮ್ಮ ಗಣಿಯ ಮಸಿಯನ್ನು ಉಗುರಿನಲ್ಲೂ ಕಂಡವರಲ್ಲ. ಗೆರೆ ನಮ್ಮ ಕಾಲೊನಿಗೂ ಸಾಲೊನ ಬೀದಿಗೂ ನಡುವೆ, ಗಣಿ ಕಸದ ದಿಬ್ಬದ ಬೆನ್ನ ಮೇಲೆ ಹೋಯಿತು. ನಾನು ಪೋಲೆಂಡಿನಲ್ಲಿ ಉಳಿದೆ, ಅವನು ಜರ್ಮನಿಯಲ್ಲಿ. ಇಬ್ಬರಿಗೂ ಕೇಳಿದ್ದೇ ಸಿಕ್ಕಿತು. ಹಾಗಾಗಿ ಜಗಳಕ್ಕೆ ಕಾರಣ ಉಳಿಯಲಿಲ್ಲ, ಮತ್ತೆ ಮಾತಾಡಿದೆವು.

ಗೆರೆಯ ಜೊತೆಗೆ ಇಪ್ಪತ್ತೆರಡರ ಜುಲೈನಲ್ಲಿ ಒಂದು ಒಪ್ಪಂದ ಬಂತು. ಹದಿನೈದು ವರ್ಷ ಎರಡೂ ಕಡೆ ಯಾರ ಮಾತು, ಯಾರ ದೇವರು, ಯಾರ ಹುಟ್ಟು ಏನೇ ಇರಲಿ, ಯಾರೂ ಅವರ ಕೆಲಸ ಕೀಳುವಂತಿಲ್ಲ. ಕಿತ್ತರೆ ನಮ್ಮ ಕಡೆಯ ಕಟೊವಿಟ್ಸೆ ಪಟ್ಟಣದಲ್ಲಿ ಕೂತ ಆಯೋಗಕ್ಕೆ ದೂರು ಕೊಡಬಹುದು. ಗಡಿಯ ಆಚೀಚಿನವರು ಒಂದು ಚೀಟಿ ಹಿಡಿದು ಓಡಾಡಬಹುದು. ಆರುನೂರಕ್ಕೂ ಹೆಚ್ಚು ಕಲಂ ಇದ್ದ ಅದನ್ನು ನಮ್ಮ ಸೀಮೆಯಲ್ಲಿ ಪೂರ್ತಿ ಓದಿದವನು ಸಾಲೊ ಒಬ್ಬನೇ ಇರಬೇಕು.

"ಎರಡು ದೇಶ ಜಗಳ ಆಡದೆ ಇರಲಿ ಅಂತ ಇಷ್ಟು ಬರೆದಿದಾರೆ ಕಣೋ ಫಿಲೆಕ್," ಅಂದ. "ಇದನ್ನ ಓದಿ ಮುಗಿಸೋ ಹೊತ್ತಿಗೆ ಯಾರಿಗೆ ಜಗಳ ಆಡೋ ಶಕ್ತಿ ಇರುತ್ತೆ ಹೇಳು."

ಫಿಲೆಕ್ ಅಂದರೆ ನಾನು. ಹೆಸರು ತೆಯೋಫಿಲ್.

ಹಾಗೆ ವರ್ಷಗಳು ಹೋದವು. ಅವನು ವಾರಕ್ಕೊಮ್ಮೆ ಟೊಪ್ಪಿಗೆ ಪೆಟ್ಟಿಗೆ ಹಿಡಿದು, ಗಡಿಯ ಅಡ್ಡಗಂಬದ ಹತ್ತಿರ ಚೀಟಿ ತೋರಿಸಿ ಈಚೆ ಬರುತ್ತಿದ್ದ. ಎರಡೂ ಕಡೆಯ ಗಣಿ ಬ್ಯಾಂಡುಗಳಿಗೆ ಅವನದೇ ತುರಾಯಿ. ಅವನ ಹೆಂಡತಿ ಹುಲ್ಡಾ ಬಣ್ಣ ಹಾಕುತ್ತಿದ್ದಳು. ದಪ್ಪ ಹೆಂಗಸು, ಕೈ ಮೊಣಕೈವರೆಗೂ ಕೆಂಪೋ ಕಪ್ಪೋ ಆಗಿರುತ್ತಿತ್ತು, ಮಾತು ಚಾಕು. ಮಕ್ಕಳಿರಲಿಲ್ಲ. ನಾನು ಅವಳನ್ನು ಹುಲ್ಡಕ್ಕ ಅನ್ನುತ್ತಿದ್ದೆ.

ಮೂವತ್ಮೂರರಲ್ಲಿ ಆ ಕಡೆ ಕಂದು ಅಂಗಿಯವರ ಸರ್ಕಾರ ಬಂತು. ಯೆಹೂದಿಗಳ ಅಂಗಡಿಗೆ ಹೋಗಬೇಡಿ ಅಂದರು, ವಕೀಲರನ್ನು, ಡಾಕ್ಟರರನ್ನು ಹೊರಗೆ ಹಾಕಿದರು. ಸಾಲೊನ ಅಂಗಡಿಯ ಪರವಾನಗಿಯನ್ನೂ ಕಿತ್ತುಕೊಂಡರು. ಆಗಲೇ ಅವನು ಹೊರಡಬೇಕಿತ್ತು. ಆದರೆ ಅವನ ಹತ್ತಿರ ಕಲಂ ಇತ್ತಲ್ಲ. ದೂರು ಬರೆದ. ಕಟೊವಿಟ್ಸೆಗೆ ಹೋಗಿ ಆಯೋಗದ ಬೆಂಚಿನ ಮೇಲೆ ಕೂತ. ಅಲ್ಲಿನ ಅಧ್ಯಕ್ಷ, ಒಬ್ಬ ಹಿರಿಯ ಸ್ವಿಸ್ ಮನುಷ್ಯ, ಇವನ ಮಾತನ್ನು ಪೂರ್ತಿ ಕೇಳಿ, ಕೊನೆಯಲ್ಲಿ ಎದ್ದುನಿಂತು ಕೈ ಕುಲುಕಿದನಂತೆ. ಕೆಲವು ತಿಂಗಳಲ್ಲಿ ಪರವಾನಗಿ ವಾಪಸು ಬಂತು. ಇಡೀ ಜರ್ಮನಿಯಲ್ಲಿ ಯೆಹೂದಿಗೆ ಕಾನೂನು ಇಲ್ಲದಾಗ ನಮ್ಮ ಈ ತುಂಡು ನೆಲದಲ್ಲಿ ಇತ್ತು. ಕಿತ್ತುಕೊಂಡ ಗುಮಾಸ್ತನೇ ಬಂದು ಬೋರ್ಡಿನ ಮೊಳೆ ಹೊಡೆದು ಹೋದ. ಮೊಳೆ ಸೊಟ್ಟ ಹೊಡೆದ ಅನ್ನುವುದಷ್ಟೇ ಸಾಲೊನ ದೂರು. ಆ ಕಥೆಯನ್ನು ಅವನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ ಅಂದರೆ, ಟ್ರೂಡಾ ಮೀನು ಹುರಿಯುತ್ತಲೇ ಮುಂದಿನ ವಾಕ್ಯ ತಾನೇ ಹೇಳಿಬಿಡುತ್ತಿದ್ದಳು.

ನನಗೆ ಸಿಟ್ಟು ಬರುವುದು ಇಲ್ಲೇ. ಅವನು ಆ ದೂರು ಸೋತಿದ್ದರೆ, ಅವತ್ತೇ ಗಂಟು ಕಟ್ಟಿಕೊಂಡು ಎಲ್ಲಿಗಾದರೂ ಹೋಗಿ ಬದುಕಿಕೊಳ್ಳುತ್ತಿದ್ದ. ಗೆದ್ದ. ಗೆಲ್ಲಿಸಿದವರು ಅವನನ್ನು ಅಲ್ಲೇ ಕೂರಿಸಿದರು, ಎದ್ದು ಹೋದರು.

ಮೂವತ್ತೇಳರ ಜುಲೈ ಹದಿನೈದಕ್ಕೆ ಆ ಹದಿನೈದು ವರ್ಷ ಮುಗಿಯುತ್ತಿತ್ತು. ಇದು ಗುಟ್ಟೇನಲ್ಲ, ಗಡಿಯ ಹಾಲು ಮಾರುವವಳಿಗೂ ಗೊತ್ತಿತ್ತು. ವಸಂತ ಬಂದರೂ ಯಾರೂ ಮುಂದುವರಿಸುವ ಮಾತೆತ್ತಲಿಲ್ಲ. ಪೇಪರಿನಲ್ಲಿ ಸ್ಪೇನಿನ ಯುದ್ಧ, ಇಂಗ್ಲಿಷ್ ರಾಜನ ಪಟ್ಟಾಭಿಷೇಕ. ನಮ್ಮ ಸುದ್ದಿಗೆ ಒಳಪುಟದಲ್ಲೂ ಜಾಗ ಇರಲಿಲ್ಲ. ನಾನು ಸಾಲೊನನ್ನು ಹಿಡಿದು ಕೂರಿಸಿ ಕೇಳಿದೆ, ಏನು ಮಾಡುತ್ತೀಯ ಅಂತ. ದೊಡ್ಡವರು ಯಾವಾಗಲೂ ಕೊನೆಯ ಗಳಿಗೆಯಲ್ಲೇ ಸಹಿ ಹಾಕುವುದು, ಅದು ಅವರ ಪದ್ಧತಿ ಅಂದ.

"ಹೋದ ವರ್ಷ ಕಂದು ಅಂಗಿಯವರು ರೈನ್ ನದಿ ದಾಟಿ ಸೈನ್ಯ ನುಗ್ಗಿಸಿದರಲ್ಲ," ಅಂದೆ. "ಅದಕ್ಕೂ ಒಪ್ಪಂದ ಇತ್ತು. ಯಾವ ದೊಡ್ಡವನು ಕುರ್ಚಿಯಿಂದ ಎದ್ದ?"

"ಅದರಲ್ಲಿ ಕಲಂ ಕಮ್ಮಿ ಇತ್ತು," ಅಂದ ಸಾಲೊ.

ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೇಜು ಗುದ್ದಿದೆ. ಟ್ರೂಡಾ ನನ್ನ ಮುಂದಿನ ತಟ್ಟೆ ಎತ್ತಿಕೊಂಡು ಹೋದಳು.

ಬಯ್ಯುವುದರಿಂದ ಉಪಯೋಗ ಇಲ್ಲ ಅಂತ ನಾನು ದಾರಿ ಹುಡುಕಿದೆ. ನಮ್ಮ ಬ್ಯಾಂಡಿನ ಯಜಮಾನ ಇಗ್ನಾಟ್ಸ್, ಕಹಳೆ ಊದುವ ಮುದುಕ. ಅವನ ಅಳಿಯ ನಮ್ಮ ಜಿಲ್ಲಾ ಕಚೇರಿಯಲ್ಲಿದ್ದ. ಅಳಿಯ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ, ಮಾವನಿಗೆ ಹೆದರುವವನು. ಅವನು ಹೇಳಿದ್ದು ಇಷ್ಟು: ಒಪ್ಪಂದ ಮುಗಿಯುವ ದಿನ ಗಂಡ ಹೆಂಡತಿ ಇಬ್ಬರೂ ಚೀಟಿ ಸಮೇತ ಈಚೆ ಇದ್ದು, ಬ್ಯಾಂಡಿನವರು ಕೆಲಸ ಕೊಟ್ಟಿದ್ದೇವೆ ಅಂತ ಹೇಳಿದರೆ, ಅವರನ್ನು ಹೊರಗೆ ಹಾಕುವ ಕಡತ ತೆರೆಯುವವನು ತಾನಾಗಿರುವುದಿಲ್ಲ. ಮಾತು ಕೊಟ್ಟ ಹಾಗಲ್ಲ ಇದು. ಆದರೆ ಆ ವರ್ಷ ಯುರೋಪಿನಲ್ಲಿ ಇದಕ್ಕಿಂತ ಗಟ್ಟಿ ಮಾತು ಯಾರ ಹತ್ತಿರವೂ ಇರಲಿಲ್ಲ. ನಾನು ನಮ್ಮ ಅಟ್ಟದ ಕೋಣೆಗೆ ಸುಣ್ಣ ಹೊಡೆದೆ. ಟ್ರೂಡಾ ಹಾಸಿಗೆ ಹಾಕಿದಳು.

ಸಾಲೊ ಒಪ್ಪಿದ. ನನಗೆ ಆಶ್ಚರ್ಯವಾಯಿತು. ಒಪ್ಪಿದವನು ಮುಂದಿನ ವಾರ ಬಂದು, ಬಹಳ ಸಮಾಧಾನದಿಂದ, ಎರಡೂ ಚೀಟಿ ಪೊಲೀಸ್ ಠಾಣೆಗೆ ಕೊಟ್ಟಿದ್ದೇನೆ ಅಂದ.

ಯಾಕೆ ಕೊಟ್ಟೆ ಅಂದೆ.

ಚಳಿಗಾಲದಲ್ಲಿ ಅವರು ಮುಂದಿನ ಮನೆ ಬಿಟ್ಟು ಹಿಂದಿನ ಅಂಗಳದ ಕೋಣೆಗೆ ಹೋಗಿದ್ದರು. ಮನೆ ಬದಲಾದರೆ ಚೀಟಿಯಲ್ಲಿ ಬರೆಸಬೇಕು ಅಂತ ನಿಯಮ. ಬೀದಿ ಅದೇ, ಬಾಗಿಲೂ ಅದೇ, ಒಳಗೆ ಹೋಗಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಬೇಕು, ಅಷ್ಟೇ. ಗಡಿಯ ಕಾವಲುಗಾರ ಅದನ್ನು ನೂರು ವರ್ಷಕ್ಕೂ ನೋಡುತ್ತಿರಲಿಲ್ಲ. ಸಾಲೊಗೆ ಮಾತ್ರ, ಇಂಥ ಹೊತ್ತಲ್ಲಿ ತನ್ನ ಕಡೆಯಿಂದ ಒಂದು ಕಲಂ ತಪ್ಪಿದರೆ ಅವರಿಗೆ ನೆಪ ಸಿಗುತ್ತದೆ ಅಂತ. ಒಪ್ಪಂದ ಅವನ ಕೈಬಿಡಲಿಲ್ಲ, ಅವನೂ ಒಪ್ಪಂದದ ಕೈಬಿಡುವವನಲ್ಲ. ನಮ್ಮ ಕಡೆಯ ಯಾವ ಹೆಡ್ಡನೂ, ಕಳ್ಳಸಾಗಣೆಯಲ್ಲಿ ಹುಟ್ಟಿ ಬೆಳೆದವರು ನಾವು, ಕೈಯಲ್ಲಿರುವ ಚೀಟಿಯನ್ನು ತಾನಾಗಿ ಪೊಲೀಸರಿಗೆ ಕೊಟ್ಟು ಬರುತ್ತಿರಲಿಲ್ಲ.

ಅವನ ಚೀಟಿ ತಿದ್ದಿಸಿಕೊಂಡು ಬಂತು. ಹುಲ್ಡಕ್ಕನದು ಬರಲಿಲ್ಲ. ಪರಿಶೀಲನೆಯಲ್ಲಿದೆ ಅಂದರು. ಮತ್ತೆ ಹೋದ, ಪರಿಶೀಲನೆಯಲ್ಲಿದೆ. ಜುಲೈ ಮೊದಲ ವಾರವೂ ಹೋಯಿತು.

ನನಗೂ ಚೀಟಿ ಇತ್ತು. ಭಾನುವಾರ ಚರ್ಚು ಮುಗಿಸಿ ನೇರ ಆಚೆ ಹೋದೆ. ಸಾಲೊ ಠಾಣೆಯ ದಾರೋಗನ ಮನೆ ಬಾಗಿಲಿಗೆ ಹೋಗಿದ್ದನಂತೆ. ಹುಲ್ಡಕ್ಕ ಒಬ್ಬಳೇ ಇದ್ದಳು, ಬಣ್ಣದ ಪಾತ್ರೆ ಉಜ್ಜುತ್ತಿದ್ದಳು. ಆ ಕೋಣೆಗೆ ಕಿಟಕಿ ಅಂತ ಇದ್ದದ್ದು ಎದುರಿನ ಗೋಡೆಯನ್ನು ನೋಡಲು. ಕಸದ ದಿಬ್ಬದ ಮೇಲೆ ನಾವು ಹುಡುಗರಾಗಿದ್ದಾಗಿಂದ ನಡೆದ ಕಾಲುದಾರಿ ಇದೆ, ಸಕ್ಕರೆ ಪುಡಿ, ತಂಬಾಕು ಎಲ್ಲಾ ಅಲ್ಲಿಂದಲೇ ಬರುವುದು, ನಾನು ಕೈಹಿಡಿದು ಕರೆದೊಯ್ಯುತ್ತೇನೆ ಅಂದೆ.

"ನನ್ನನ್ನ ನೋಡು," ಅಂದಳು. "ನೀನು ಸಾಗಿಸಿದ ತಂಬಾಕಿಗೆ ಇಷ್ಟು ತೂಕ ಇತ್ತಾ? ಆ ದಿಬ್ಬ ನನ್ನ ಕಾಲ ಕೆಳಗೆ ಜಾರಿದರೆ ಎರಡು ದೇಶದ ಕಾವಲಿನವರೂ ಎದ್ದು ಬರ್ತಾರೆ."

ನಾನು ನಗಲಿಲ್ಲ. ಅವಳೂ ಪಾತ್ರೆ ಕೆಳಗಿಟ್ಟಳು. ಚೀಟಿ ಇಲ್ಲದೆ ಪೋಲೆಂಡಿನಲ್ಲಿ ಸಿಕ್ಕಿಬಿದ್ದರೆ ನಮ್ಮವರು ಅವಳನ್ನು ಹಿಂದಕ್ಕೆ ಕಳಿಸುತ್ತಾರೆ, ಸಾಲೊನನ್ನೂ ಜೊತೆಗೇ ಕಳಿಸುತ್ತಾರೆ, ನಿನ್ನ ಇಗ್ನಾಟ್ಸನ ಅಳಿಯ ಕಣ್ಣುಮುಚ್ಚುವುದಕ್ಕೂ ಒಂದು ಮಿತಿ ಇದೆ ಅಂತ ನಿಧಾನವಾಗಿ ಹೇಳಿದಳು. ಅದು ಸರಿಯೇ ಇತ್ತು. ಆಮೇಲೆ ಅವಳು ನನ್ನ ತೋಳು ಹಿಡಿದಳು. ಬಣ್ಣ ನನ್ನ ಭಾನುವಾರದ ಅಂಗಿಗೆ ಹತ್ತಿತು.

"ಅವರಿಗೆ ಬೇಕಾಗಿರೋದು ಗಂಡಸರು," ಅಂದಳು. "ನಮ್ಮಂಥ ಮುದುಕಿಯರನ್ನ ಇಟ್ಕೊಂಡು ಏನು ಮಾಡ್ತಾರೆ? ಕೊನೆ ದಿನ ನಾನು ಅವನನ್ನ ಸರಕು ಕೊಟ್ಟು ಬಾ ಅಂತ ಕಳಿಸ್ತೀನಿ. ನೀನು ಹಿಡಿದಿಟ್ಕೋ. ಕೋಣೆಗೆ ಹಾಕಿ ಬೀಗ ಹಾಕು. ಕುಡಿಸು. ಏನಾದರೂ ಮಾಡು, ಒಂದು ರಾತ್ರಿ. ಬೆಳಗಾದ ಮೇಲೆ ಅವನು ಇಲ್ಲಿಗೆ ವಾಪಸು ಬರೋಕೆ ಆಗಲ್ಲ, ಅಳ್ತಾನೆ, ಆಮೇಲೆ ಅಭ್ಯಾಸ ಆಗುತ್ತೆ."

ಆಗಲಿ ಅಂದೆ.

ಜುಲೈ ಹದಿನಾಲ್ಕು ಬುಧವಾರ. ಮಧ್ಯಾಹ್ನದ ಮೇಲೆ ಸಾಲೊ ಟೊಪ್ಪಿಗೆ ಪೆಟ್ಟಿಗೆ ಹಿಡಿದು ಬಂದ. ಬೆವರು ಇಳಿಯುತ್ತಿತ್ತು. ಇವತ್ತು ಪೆಟ್ಟಿಗೆ ಯಾಕೋ ಭಾರ ಅಂದ. ಟ್ರೂಡಾ ಅವನ ಬಾಣಲೆಯಲ್ಲಿ ಉಪ್ಪು ಮೀನು ಹುರಿದಿದ್ದಳು, ಆಲೂಗಡ್ಡೆ ಕಡುಬು ಮಾಡಿದ್ದಳು. ಇಗ್ನಾಟ್ಸ್ ಬಂದಿದ್ದ, ಬಾಟಲಿ ತಂದಿದ್ದ. ಬಾಗಿಲಿಗೆ ಬೆನ್ನು ಕೊಟ್ಟು ನಾನು ಕೂತೆ. ಸಾಲೊ ತಿಂದ, ಕುಡಿದ, ಗುಮಾಸ್ತ ಮೊಳೆ ಹೊಡೆದ ಕಥೆ ಹೇಳಿದ. ಆ ದಿನ ಟ್ರೂಡಾ ನಡುವೆ ಬಾಯಿ ಹಾಕಲಿಲ್ಲ. ಅವನು ಅದನ್ನು ಗಮನಿಸಿದ ಅಂತ ಕಾಣುತ್ತದೆ. ಮಾತು ನಿಲ್ಲಿಸಿ, ಸರಿ, ತುರಾಯಿ ನೋಡಿ ಅಂತ ಪೆಟ್ಟಿಗೆ ತೆಗೆದ.

ಮೇಲೆ ಆರು ಕೆಂಪು ತುರಾಯಿ. ಅವುಗಳ ಕೆಳಗೆ ಕಾಗದ. ಕಾಗದದ ಕೆಳಗೆ ಅವನ ಚಳಿಗಾಲದ ಕೋಟು ಮಡಿಸಿಟ್ಟಿತ್ತು, ಉಣ್ಣೆಯ ಕಾಲುಚೀಲ, ಪ್ರಾರ್ಥನೆಯ ಶಾಲು.

ಸಾಲೊ ಕೋಟನ್ನು ಹೊರಗೆ ತೆಗೆದು ಮೊಣಕಾಲ ಮೇಲೆ ಹಾಕಿಕೊಂಡ. ಜೇಬಿಗೆ ಕೈಹಾಕಿ ನೋಡಿದ. ಹರಿದಿದ್ದ ಜೇಬು ಹೊಸದಾಗಿ ಹೊಲಿದಿತ್ತು.

"ಇದು ನಿಮ್ಮಿಬ್ಬರದೂ ಕೆಲಸ," ಅಂದ ನನಗೆ.

ಹೌದು ಅಂದೆ. ಇಲ್ಲೇ ಇರು, ಅವಳು ಹೇಗಾದರೂ ಬರುತ್ತಾಳೆ ಅಂದೆ.

"ಯಾವ ದಾರೀಲಿ ಬರ್ತಾಳೆ, ಹೇಳು."

ನನ್ನ ಹತ್ತಿರ ದಾರಿ ಇರಲಿಲ್ಲ. ಸಿಟ್ಟಿತ್ತು. ನೀನು ಕೊಟ್ಟು ಬಂದ ಚೀಟಿಯಿಂದಲೇ ಅವಳು ಅಲ್ಲಿ ಸಿಕ್ಕಿಕೊಂಡಿದ್ದು, ಈಗ ನೀನೂ ಹೋಗಿ ಸಿಕ್ಕಿಕೊಂಡರೆ ಅವಳಿಗೆ ಏನು ಸಿಗುತ್ತದೆ ಅಂತ ಕೂಗಿದೆ. ಕಾಲೊನಿಯವರು ಅಂಗಳಕ್ಕೆ ಬಂದು ನಿಂತರು. ಅವನು ಪೂರ್ತಿ ಕೇಳಿಸಿಕೊಂಡ, ಆ ಸ್ವಿಸ್ ಮನುಷ್ಯ ಅವನನ್ನು ಕೇಳಿಸಿಕೊಂಡಂತೆ.

"ನೀನು ಹೇಳೋದು ಸರಿ ಫಿಲೆಕ್," ಅಂದ. "ಚೀಟಿ ಕೊಟ್ಟವನು ನಾನೇ. ಅದಕ್ಕೇ ನಾನು ಇಲ್ಲಿ ಹೆಂಗೆ ಇರಲಿ? ನಿನ್ನ ಅಟ್ಟದಲ್ಲಿ ಮಲಗಿ, ಬೆಳಿಗ್ಗೆ ಎದ್ದು, ಆ ದಿಬ್ಬ ನೋಡ್ಕೊಂಡು ಹಲ್ಲುಜ್ಜಲಾ?"

ನಾನು ಬಾಗಿಲಿಂದ ಏಳಲಿಲ್ಲ. ಅವನು ನನ್ನ ಮುಂದೆ ಬಂದು ನಿಂತ, ತಳ್ಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅಂಗಡಿಯಲ್ಲಿ ಗಿರಾಕಿ ಮನಸ್ಸು ಮಾಡುವವರೆಗೂ ನಿಲ್ಲುತ್ತಿದ್ದ ಹಾಗೆ ನಿಂತ. ಅಡ್ಡಗಂಬ ಇಳಿಸುವ ಹೊತ್ತು ಹತ್ತಿರವಾಗುತ್ತಿತ್ತು. ಟ್ರೂಡಾ ಬಂದು ನನ್ನ ಭುಜ ಹಿಡಿದು, "ಬಿಡಿ, ಅವರು ಗಂಡ ಹೆಂಡತಿ," ಅಂದಳು. ಇಗ್ನಾಟ್ಸ್ ಮೇಜು ನೋಡುತ್ತ ಕೂತಿದ್ದ.

ಎದ್ದೆ.

ಅವನು ತುರಾಯಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ನಿಲ್ಲಿಸಿದ, ಜೋತುಬೀಳದ ಹಾಗೆ. ಕೋಟು ತೊಟ್ಟುಕೊಂಡ. ಜುಲೈ ಬಿಸಿಲಿಗೆ ಗಣಿಯ ಕಬ್ಬಿಣ ಇನ್ನೂ ಸುಡುತ್ತಿದ್ದ ಸಂಜೆ. ಕೈಯಲ್ಲಿ ಹಿಡಿದು ಹೋಗೋ ಅಂದೆ. ಹಿಡಿದುಕೊಂಡು ಹೋದರೆ ಸಾಮಾನು, ತೊಟ್ಟುಕೊಂಡು ಹೋದರೆ ಬಟ್ಟೆ, ಸಾಮಾನಾದರೆ ಸುಂಕದವನಿಗೆ ತೋರಿಸಬೇಕು ಅಂದ. ಕೊನೆಯವರೆಗೂ ನಿಯಮ. ನಾನು ಅಡ್ಡಗಂಬದವರೆಗೂ ಹೋದೆ. ನಮ್ಮ ಕಾವಲುಗಾರ ಕೋಟು ನೋಡಿ ನಕ್ಕ, ಆಚೆಯವನೂ ನಕ್ಕ. ಸಾಲೊ ಇಬ್ಬರಿಗೂ ಚೀಟಿ ತೋರಿಸಿದ, ಇಬ್ಬರಿಗೂ ಟೊಪ್ಪಿಗೆ ಎತ್ತಿದ. ತಿರುಗಿ ನೋಡಲಿಲ್ಲ. ಅವನ ಹಿಂದೆಯೇ ಗಂಬ ಇಳಿಯಿತು.

ಮಾರನೆಯ ದಿನ ಜಿನೀವಾದಲ್ಲಿ ಯಾರಾದರೂ ಗಡಿಯಾರ ನೋಡಿದರೋ ಇಲ್ಲವೋ. ಆಚೆ ಕಡೆ ಅವರ ಎಲ್ಲಾ ಕಾನೂನುಗಳೂ ತಡವಾಗಿ ಬಂದ ರೈಲಿನ ಹಾಗೆ ಒಟ್ಟಿಗೇ ಬಂದಿಳಿದವು. ಪರವಾನಗಿ ಹೋಯಿತು. ಮುಂದಿನ ವರ್ಷ ನವೆಂಬರಿನಲ್ಲಿ ಅವರ ಪ್ರಾರ್ಥನಾ ಮಂದಿರ ಸುಟ್ಟರು, ಹೊಗೆ ನಮ್ಮ ಕಾಲೊನಿಗೂ ಕಾಣಿಸಿತು. ಚೀಟಿ ಮುಗಿದು ನಾನು ಹೋಗುವಂತಿರಲಿಲ್ಲ.

ಆಮೇಲೆ ಮೂವತ್ತೊಂಬತ್ತರ ಸೆಪ್ಟೆಂಬರು. ಜರ್ಮನ್ ಸೈನ್ಯ ಅಡ್ಡಗಂಬ ಮುರಿದು ಬಂತು, ಗೆರೆಯೇ ಇಲ್ಲವಾಯಿತು. ಈಗ ಯಾವ ಚೀಟಿಯೂ ಇಲ್ಲದೆ ನಮ್ಮ ಕಾಲೊನಿಯಿಂದ ಸಾಲೊನ ಬೀದಿಗೆ ನಡೆದು ಹೋಗಬಹುದಿತ್ತು. ನಾನು ಹೋಗುವ ಹಾಗಿರಲಿಲ್ಲ. ಇಪ್ಪತ್ತೊಂದರ ದಂಗೆಗೆ ಹೋದವರನ್ನು ಅವರು ಹುಡುಕಿ ಹುಡುಕಿ ಗೋಡೆಗೆ ನಿಲ್ಲಿಸುತ್ತಿದ್ದರು. ನಾನು ಟ್ರೂಡಾಳ ಚಿಕ್ಕಪ್ಪನ ಹಳ್ಳಿಯಲ್ಲಿ ದನದ ಕೊಟ್ಟಿಗೆಯ ಹಿಂದೆ ಸೇರಿಕೊಂಡೆ. ಮನೆಯಲ್ಲಿ ಸಾಲೊಗೆ ಅಂತ ಇಟ್ಟ ಅಟ್ಟದ ಕೋಣೆ ಖಾಲಿ, ನನ್ನ ಕೋಣೆಯೂ ಖಾಲಿ.

ಸಾಲೊನ ಬೀದಿಗೆ ಟ್ರೂಡಾ ಹೋಗಿ ಬಂದಳು, ಆಲೂಗಡ್ಡೆ ಕೊಟ್ಟು ಬಂದಳು. ಅವರಿಬ್ಬರೂ ಇನ್ನೆರಡು ಸಂಸಾರದ ಜೊತೆ ಒಂದೇ ಕೋಣೆಯಲ್ಲಿದ್ದರಂತೆ. ಸಾಲೊ ಬೀದಿ ಗುಡಿಸುತ್ತಿದ್ದ. ಹುಲ್ಡಕ್ಕ ಅವನ ಜೊತೆ ಮಾತು ಬಿಟ್ಟಿದ್ದಳು. ಆ ಬುಧವಾರ ಸಂಜೆ ಅವನು ಬಾಗಿಲಲ್ಲಿ ನಿಂತದ್ದನ್ನು ಕಂಡ ಗಳಿಗೆಯಿಂದ ಒಂದು ಮಾತೂ ಇಲ್ಲ. ಏನಾದರೂ ಹೇಳಬೇಕಾದರೆ ಇನ್ನೊಬ್ಬರ ಕೈಲಿ ಹೇಳಿಸುತ್ತಿದ್ದಳು. ಅವನು ಪಕ್ಕದಲ್ಲೇ ಕೂತಿದ್ದಾಗ ಟ್ರೂಡಾಗೆ, "ತಂಗಿ, ಆ ಮನುಷ್ಯನಿಗೆ ಬ್ರೆಡ್ಡು ತಿನ್ನೋಕೆ ಹೇಳು, ನನಗೆ ಹಸಿವಿಲ್ಲ," ಅಂದಳಂತೆ. ಆ ಮನುಷ್ಯ ತಿನ್ನಲಿಲ್ಲ. "ನಿನ್ನ ಗಂಡನಿಗೆ ಒಬ್ಬನನ್ನ ಒಂದು ರಾತ್ರಿ ಹಿಡಿದಿಟ್ಕೊಳ್ಳೋಕೆ ಆಗಲಿಲ್ವಾ?" ಅಂತಲೂ ಕೇಳಿದಳಂತೆ. ಟ್ರೂಡಾ ಅದನ್ನು ನನಗೆ ಹೇಳಿದ್ದು ಯುದ್ಧ ಮುಗಿದ ಮೇಲೆ.

ನಲವತ್ತೆರಡರಲ್ಲಿ ಆ ಪಟ್ಟಣದ ಯೆಹೂದಿಗಳನ್ನೆಲ್ಲ ರೈಲಿಗೆ ಹತ್ತಿಸಿದರು. ಅವರನ್ನು ಎಲ್ಲಿಗೆ ಒಯ್ದರು ಅಂತ ಈಗ ಎಲ್ಲರಿಗೂ ಗೊತ್ತು, ನಮ್ಮಿಂದ ದೂರವೇನೂ ಅಲ್ಲ. ಆ ಬೀದಿಯ ಹಾಲಿನವಳು ಕಿಟಕಿಯಿಂದ ನೋಡಿದಳು. ಸಾಲೊ ಸೋತುಹೋಗಿದ್ದನಂತೆ, ಕಾಲು ಎಳೆಯುತ್ತಿದ್ದನಂತೆ. ಹುಲ್ಡಕ್ಕ ಅವನ ತೋಳಿಗೆ ತೋಳು ಕೊಟ್ಟು ಎತ್ತಿ ಹಿಡಿದಿದ್ದಳು, ಸ್ಟೇಷನ್ನಿನವರೆಗೂ ದಾರಿಯುದ್ದಕ್ಕೂ ಅವನನ್ನು ಮುಖಕ್ಕೆ ಮುಖ ಕೊಟ್ಟು ಬಯ್ಯುತ್ತ ಹೋದಳು.